ಹೆಲ್ಸಿಂಕಿಯಿಂದ ಟೋಕಿಯೊಗೆ ಎಷ್ಟು ದೂರ?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ರಾಜಧಾನಿ ಟೋಕಿಯೊಗೆ ಎಷ್ಟು ದೂರ ಎಂದು ಕೇಳಿದರೆ ಕಂಪ್ಯೂಟರು ಕ್ಷಣದಲ್ಲಿ ಉತ್ತರ ಕೊಡುತ್ತದೆ: ಸುಮಾರು 7,800 ಕಿಲೋಮೀಟರ್. ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ ಹಾರುವ ಜೆಟ್ ವಿಮಾನಕ್ಕೆ ಇದು, ಏರುವ ಇಳಿಯುವ ಹೊತ್ತೂ ಸೇರಿ, ಒಂಬತ್ತರಿಂದ ಹತ್ತು ಗಂಟೆಯ ದಾರಿ ಎಂದು ಯಾರಾದರೂ ಲೆಕ್ಕ ಹಾಕಬಹುದು. ಆದರೆ ಈ ಎರಡು ನಗರಗಳ ನಡುವಿನ ಪ್ರಯಾಣದ ಇತಿಹಾಸ ಆ ಲೆಕ್ಕವನ್ನು ಒಪ್ಪುವುದಿಲ್ಲ. 1983ರಲ್ಲಿ ಫಿನ್ಏರ್ ಸಂಸ್ಥೆ ಇಲ್ಲಿ ಮೊದಲ ತಡೆರಹಿತ ವಿಮಾನ ಹಾರಿಸಿದಾಗ ಹಿಡಿದದ್ದು ಸುಮಾರು 13 ಗಂಟೆ. ಮುಂದಿನ ದಶಕಗಳಲ್ಲಿ ಅದು ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರಲ್ಲಿ ಮತ್ತೆ 13 ಗಂಟೆಗೆ ಏರಿತು. ಈ ನಲವತ್ತು ವರ್ಷಗಳಲ್ಲಿ ಎರಡೂ ನಗರಗಳು ಇದ್ದಲ್ಲೇ ಇವೆ. ವಿಮಾನಗಳು ಮೊದಲಿಗಿಂತ ಹಗುರವಾಗಿವೆ, ಎಂಜಿನ್ನುಗಳು ಕಡಿಮೆ ಇಂಧನ ಕುಡಿಯುತ್ತವೆ, ದಾರಿ ತೋರಲು ಉಪಗ್ರಹಗಳಿವೆ. ಹಾಗಿದ್ದರೂ 2022ರ ಪ್ರಯಾಣಿಕ 1983ರ ಪ್ರಯಾಣಿಕನಷ್ಟೇ ಹೊತ್ತು ಆಕಾಶದಲ್ಲಿ ಕೂರಬೇಕಾಯಿತು. ನಗರಗಳ ನಡುವಿನ ದೂರವನ್ನು ಭೂಗೋಳವಾಗಲಿ ಎಂಜಿನ್ನಾಗಲಿ ತಾನೊಂದೇ ತೀರ್ಮಾನಿಸುವುದಿಲ್ಲ. ಮಧ್ಯೆ ಬರುವ ದೇಶಗಳ ಅನುಮತಿ ಅದನ್ನು ತೀರ್ಮಾನಿಸುತ್ತದೆ. ಆದ್ದರಿಂದ ಜಗತ್ತನ್ನು ಹತ್ತಿರ ತರುವ ಮಾತು ನಿಜವಾಗಬೇಕಿದ್ದರೆ ವೇಗದ ವಿಮಾನಕ್ಕಿಂತ ಮೊದಲು ನಮಗೆ ಬೇಕಾಗಿರುವುದು ಮುರಿಯದ ಒಪ್ಪಂದ.

ಮೊದಲು ಭೂಗೋಳದ ಪಾಲನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಗೋಡೆಗೆ ತೂಗುಹಾಕುವ ನಕ್ಷೆ ನಮ್ಮ ಕಣ್ಣನ್ನು ತಪ್ಪುದಾರಿಗೆ ಎಳೆಯುತ್ತದೆ. ನಕ್ಷೆಗಾರ ಮರ್ಕೇಟರ್ 1569ರಲ್ಲಿ ರೂಪಿಸಿದ ನಕ್ಷೆ ಹಡಗಿನವರಿಗೆ ದಿಕ್ಕು ಹಿಡಿಯಲು ಹೇಳಿಮಾಡಿಸಿದ್ದು. ಆದರೆ ಅದರ ಮೇಲೆ ಎಳೆದ ನೇರ ಗೆರೆ ಸಾಮಾನ್ಯವಾಗಿ ಅತಿ ಹತ್ತಿರದ ದಾರಿಯಲ್ಲ. ಚೆಂಡಿನ ಮೇಲೆ ಎರಡು ಚುಕ್ಕೆಯಿಟ್ಟು ದಾರ ಬಿಗಿದರೆ ಆ ದಾರ ಹಿಡಿಯುವ ಹಾದಿಯೇ ನಿಜವಾದ ಹತ್ತಿರದ ದಾರಿ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಹೀಗೆ ಅಳೆದರೆ ಸುಮಾರು 13,990 ಕಿ.ಮೀ. ಬರುತ್ತದೆ. ಆ ಗೆರೆ ನಾವು ಊಹಿಸುವಂತೆ ಪೆಸಿಫಿಕ್ ಸಾಗರದ ನಡುಮಧ್ಯೆ ಹೋಗುವುದಿಲ್ಲ; ಬೆಂಗಳೂರಿನಿಂದ ಬಹುಮಟ್ಟಿಗೆ ಉತ್ತರಕ್ಕೆ ತಿರುಗಿ ಟಿಬೆಟ್, ಚೀನಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ವೃತ್ತದ ಒಳಹೊಕ್ಕು, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಹೆಲ್ಸಿಂಕಿ–ಟೋಕಿಯೊ ಗೆರೆಯಂತೂ ಹೆಚ್ಚುಕಡಿಮೆ ಪೂರ್ತಿಯಾಗಿ ರಷ್ಯಾದ ನೆಲದ ಮೇಲೇ ಹಾಯುತ್ತದೆ. ಗೋಳದ ಗಣಿತ ಹತ್ತಿರದ ದಾರಿ ಯಾವುದು ಎಂದು ಹೇಳಬಲ್ಲದು. ಆ ದಾರಿಯಲ್ಲಿ ಹೋಗಬಹುದೇ ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಎಂಜಿನ್ನಿನ ಪಾಲನ್ನೂ ನೋಡೋಣ. 1958ರ ಅಕ್ಟೋಬರಿನಲ್ಲಿ ಪ್ಯಾನ್ ಆಮ್ ಸಂಸ್ಥೆ ಬೋಯಿಂಗ್ 707 ವಿಮಾನವನ್ನು ಅಟ್ಲಾಂಟಿಕ್ ಸಾಗರದಾಚೆಗೆ ಹಾರಿಸಿತು. ಅಂದಿನ ಜೆಟ್ಟಿಗೂ ಇಂದಿನ ಬೋಯಿಂಗ್ 787, ಏರ್‌ಬಸ್ ಎ350ಗಳಿಗೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿಯ ಪ್ರತಿರೋಧ ಥಟ್ಟನೆ ಏರುತ್ತದೆ. ಅದನ್ನು ಮೀರಲು ಸುರಿಯಬೇಕಾದ ಇಂಧನದ ಬೆಲೆ ಟಿಕೆಟ್ಟಿನಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಎಂಜಿನಿಯರುಗಳು ಕಳೆದ ಆರು ದಶಕಗಳ ಜಾಣ್ಮೆಯನ್ನೆಲ್ಲ ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಹೋಗುವುದರ ಮೇಲೆ ಖರ್ಚು ಮಾಡಿದ್ದಾರೆ. ಅದರ ಫಲವಾಗಿಯೇ ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿ.ಮೀ.ಗೂ ಹೆಚ್ಚಿನ ದೂರವನ್ನು ಎಲ್ಲಿಯೂ ಇಳಿಯದೆ ಹದಿನೆಂಟು ಗಂಟೆಗಳಲ್ಲಿ ಮುಗಿಸುವ ವಿಮಾನಗಳಿವೆ. ವೇಗ ಹೀಗೆ ಒಂದು ಮಟ್ಟದಲ್ಲಿ ನಿಂತುಬಿಟ್ಟ ಮೇಲೆ ಪ್ರಯಾಣದ ಅವಧಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು ದಾರಿ ಮಾತ್ರ.

ಗಾಳಿಯ ಪಾತ್ರವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಭೂಮಿ ತಿರುಗುವುದರಿಂದಲೇ ಪೂರ್ವಕ್ಕೆ ಹೋಗುವಾಗ ಒಂದು ಅವಧಿ, ಪಶ್ಚಿಮಕ್ಕೆ ಹೋಗುವಾಗ ಇನ್ನೊಂದು ಎಂದು ಹಲವರು ನಂಬಿದ್ದಾರೆ. ಆದರೆ ವಾತಾವರಣವೂ ಭೂಮಿಯ ಜತೆಗೇ ತಿರುಗುವುದರಿಂದ ನೇರವಾಗಿ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆ ತಿರುಗುವಿಕೆ ರೂಪಿಸುವ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿ ಇದಕ್ಕೆ ಕಾರಣ. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನು ಹಾರಿಸಿ ಇದನ್ನು ಅಳೆದು, ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದರು. ಪಶ್ಚಿಮದವರ ಗಮನಕ್ಕೆ ಅದು ಆಗ ಬರಲಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲೇ ತಲುಪಿತು. ಆದರೆ ಗಾಳಿ ಒಂದು ಕಡೆಗೆ ಹೋಗುವವರಿಂದ ಕಿತ್ತುಕೊಂಡದ್ದನ್ನು ಎದುರು ಬರುವವರಿಗೆ ಬಹುಪಾಲು ಹಿಂದಿರುಗಿಸುತ್ತದೆ. ಋತುವಿನ ಜತೆ ಬದಲಾಗುತ್ತದೆ. ವೇಳಾಪಟ್ಟಿ ಹಾಕುವವರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಹೋಗುವಾಗಲೂ ಬರುವಾಗಲೂ ಮೂರುಮೂರು ಗಂಟೆ ಹೆಚ್ಚಿಗೆ ವಸೂಲು ಮಾಡುವ ಗಾಳಿ ಯಾವುದೂ ಇಲ್ಲ. ಅಂಥ ಸುಂಕ ಹಾಕಬಲ್ಲದ್ದು ಸರಕಾರಗಳು ಮಾತ್ರ.

ಈ ಅಧಿಕಾರ ಸರಕಾರಗಳಿಗೆ ಬಂದ ಬಗೆಯನ್ನು ತಿಳಿಯಲು 1944ರ ಡಿಸೆಂಬರಿಗೆ ಹೋಗಬೇಕು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಹಲವು ದೇಶಗಳ ಪ್ರತಿನಿಧಿಗಳು ಷಿಕಾಗೊದಲ್ಲಿ ಸೇರಿ ನಾಗರಿಕ ವಿಮಾನಯಾನದ ಒಡಂಬಡಿಕೆಗೆ ಸಹಿ ಹಾಕಿದರು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಸಾರ್ವಭೌಮತ್ವವಿದೆ ಎಂಬುದು ಅದರ ಮೊದಲನೆಯ ವಿಧಿ. ಇಳಿಯದೆ ಮೇಲಿಂದ ಹಾದುಹೋಗುವ ಹಕ್ಕನ್ನು ಬೇರೊಂದು ಒಪ್ಪಂದದಲ್ಲಿ ಇಡಲಾಯಿತು. ಸೇರುವುದು, ಬಿಡುವುದು ಆಯಾ ದೇಶದ ಇಷ್ಟ. ಭಾರತ, ಪಾಕಿಸ್ತಾನ ಅದಕ್ಕೆ ಸೇರಿದವು. ಭೂಪಟದಲ್ಲಿ ಅತಿ ವಿಶಾಲ ಆಕಾಶವುಳ್ಳ ರಷ್ಯಾ ಮತ್ತು ಚೀನಾ ಸೇರಿಲ್ಲ. ಸಮುದ್ರದ ಕಾನೂನಿನೊಂದಿಗೆ ಹೋಲಿಸಿದರೆ ಇದರ ಕೊರತೆ ಎದ್ದು ಕಾಣುತ್ತದೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರು ಆ ದೇಶದ್ದೇ ಆದರೂ, ಯಾರಿಗೂ ಕೇಡು ಬಗೆಯದೆ ಹಾದುಹೋಗುವ ಪರದೇಶದ ಹಡಗಿಗೆ ಅಲ್ಲಿ ದಾರಿಯ ಹಕ್ಕುಂಟು. ಅದೇ ನೀರಿನ ಮೇಲಿನ ಗಾಳಿಯಲ್ಲಿ ಮುನ್ನೂರು ಜನರನ್ನು ಕೂರಿಸಿಕೊಂಡು ಹೋಗುವ ವಿಮಾನಕ್ಕೆ ಅಂಥ ಹಕ್ಕಿಲ್ಲ.

ಹೆಲ್ಸಿಂಕಿ–ಟೋಕಿಯೊ ಹಾದಿಯ ಕಥೆ ಹುಟ್ಟಿದ್ದು ಈ ಕೊರತೆಯಿಂದಲೇ. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಸಂಸ್ಥೆ ಎಸ್‌ಎಎಸ್, ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಕಡೆಯಿಂದ ಹೋಗಿ, ಅಲಾಸ್ಕಾದ ಆ್ಯಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಟೋಕಿಯೊಗೆ ಹೋಗುವ ಮಾರ್ಗ ತೆರೆಯಿತು. ಯುರೋಪಿನಿಂದ ಜಪಾನಿಗೆ ಹೋಗುವ ಹಲವರು ಅಮೆರಿಕದ ಒಂದು ಊರನ್ನು ಮುಟ್ಟಿ ಹೋಗಬೇಕಾದ ಕಾಲ ಅದು. ಫಿನ್ಏರ್ 1983ರಲ್ಲಿ ಹೆಚ್ಚುವರಿ ಇಂಧನದ ಡಿಸಿ-10 ವಿಮಾನದಲ್ಲಿ ಧ್ರುವದ ಮೇಲಿಂದಲೇ ಹಾರಿ ಆ ನಿಲುಗಡೆಯನ್ನು ತಪ್ಪಿಸಿತು; ಸುತ್ತನ್ನು ತಪ್ಪಿಸಲಾಗಲಿಲ್ಲ. ಸೋವಿಯತ್ ಒಕ್ಕೂಟದ ಪತನದ ನಂತರ ಸೈಬೀರಿಯಾದ ದಾರಿ ಶುಲ್ಕದ ಮೇಲೆ ವ್ಯಾಪಕವಾಗಿ ತೆರೆಯಿತು. ಯುರೋಪ್ ಮತ್ತು ಪೂರ್ವ ಏಷ್ಯಾ ನಡುವಿನ ಹತ್ತಿರದ ಗೆರೆಯ ಮೇಲೇ ಹೆಲ್ಸಿಂಕಿ ಇರುವುದನ್ನು ಬಂಡವಾಳ ಮಾಡಿಕೊಂಡು ಫಿನ್ಏರ್ ತನ್ನ ಇಡೀ ವ್ಯವಹಾರವನ್ನು ಕಟ್ಟಿತು. ಏಷ್ಯಾದ ಹಲವು ನಗರಗಳಿಗೆ ಹೋದ ವಿಮಾನ 24 ಗಂಟೆಯೊಳಗೆ ಮರಳಿ ಬರುವಂತೆ ವೇಳಾಪಟ್ಟಿ ಹೆಣೆಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳಿಗೆ ಆಕಾಶ ಮುಚ್ಚಿತು, ರಷ್ಯಾ ಅದಕ್ಕೆ ಪ್ರತಿಯಾಗಿ ತನ್ನದನ್ನು ಮುಚ್ಚಿತು. ಫಿನ್ಏರ್ ಮತ್ತೆ ಧ್ರುವದ ಹಾದಿ ಹಿಡಿಯಿತು. ಎರಡೂವರೆ ಸಾವಿರ ಕಿಲೋಮೀಟರಿಗಿಂತಲೂ ಹೆಚ್ಚಿನ ಈ ಸುತ್ತು ಹುಟ್ಟಿದ್ದು ಒಂದೆರಡು ದಿನಗಳಲ್ಲಿ ಹೊರಬಿದ್ದ ಆದೇಶಗಳಿಂದ.

ಇದು ದೂರದ ದೇಶಗಳ ಸಂಗತಿ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಉಪಖಂಡವೇ ಇದಕ್ಕೆ ದೊಡ್ಡ ಸಾಕ್ಷಿ. ಭಾರತ–ಪಾಕಿಸ್ತಾನಗಳ 1965ರ ಯುದ್ಧದಲ್ಲಿ ನಿಂತುಹೋಗಿದ್ದ ಪರಸ್ಪರ ಮೇಲ್ಹಾರಾಟ 1966ರ ತಾಷ್ಕೆಂಟ್ ಘೋಷಣೆಯ ಬೆನ್ನಿಗೆ ಮತ್ತೆ ಶುರುವಾಗಿತ್ತು. 1971ರ ಜನವರಿ ಕೊನೆಯಲ್ಲಿ ‘ಗಂಗಾ’ ಎಂಬ ಭಾರತೀಯ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟುಹಾಕಿದ ಮೇಲೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನಿ ವಿಮಾನಗಳಿಗೆ ಮುಚ್ಚಿತು. ಕರಾಚಿಯಿಂದ, ಆಗ ಪಾಕಿಸ್ತಾನಕ್ಕೇ ಸೇರಿದ್ದ ಪೂರ್ವ ಬಂಗಾಳದ ಢಾಕಾಕ್ಕೆ ನೇರ ಹಾದಿ ಸುಮಾರು 2,360 ಕಿ.ಮೀ. ಭಾರತವನ್ನು ಬಳಸಿ, ಕೊಲಂಬೊ ಮೂಲಕ ಹೋಗಬೇಕಾಗಿ ಬಂದಾಗ ಅದು ಎರಡರಷ್ಟಾಯಿತು. ಒಂದೇ ದೇಶದ ಎರಡು ಭಾಗಗಳು ರಾತ್ರಿ ಬೆಳಗಾಗುವುದರೊಳಗೆ ಪರಸ್ಪರ ದೂರವಾದವು. ಪ್ರಕರಣ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರಕಾರ ಸಂಸತ್ತಿಗೆ ತಿಳಿಸಿತು. ಕಾಶ್ಮೀರದ ಪಹಲ್ಗಾಮಿನಲ್ಲಿ ನಡೆದ ಭಯೋತ್ಪಾದಕ ದಾಳಿಯ ಬೆನ್ನಿಗೆ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ಮತ್ತೆ ಬಾಗಿಲು ಮುಚ್ಚಿತು. ಭಾರತವೂ ತನ್ನ ಕಡೆಯಿಂದ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ದೆಹಲಿ–ತಾಷ್ಕೆಂಟ್ ಸಂಚಾರವನ್ನು ಇಂಡಿಗೊ ನಿಲ್ಲಿಸಬೇಕಾಯಿತು, ಏಕೆಂದರೆ ಸುತ್ತು ಹಾದಿ ಅದರ ವಿಮಾನಗಳ ಅಳವಿಗೆ ಮೀರಿತ್ತು. ಗೋಳದ ಮೇಲೆ ಅಳೆದರೆ ದೆಹಲಿಗೆ ಬೆಂಗಳೂರಿಗಿಂತ ತಾಷ್ಕೆಂಟೇ ನೂರು ಕಿಲೋಮೀಟರಿಗೂ ಹೆಚ್ಚು ಹತ್ತಿರ.

ಇನ್ನೂ ಗಮನಿಸಬೇಕಾದ ಒಂದು ಸಂಗತಿಯಿದೆ. ಈಗ ಎರಡು ನಗರಗಳ ನಡುವಿನ ದೂರ ವಿಮಾನದ ಬಾಲದ ಮೇಲಿರುವ ಬಾವುಟವನ್ನೂ ಅವಲಂಬಿಸಿದೆ. ಬೀಜಿಂಗಿನಿಂದ ಯುರೋಪಿಗೆ ಹೋಗುವ ಚೀನಾದ ವಿಮಾನ ಸೈಬೀರಿಯಾದ ಮೇಲೆ ನೇರ ಹಾರುತ್ತದೆ, ಅದೇ ಊರಿಗೆ ಹೋಗುವ ಐರೋಪ್ಯ ವಿಮಾನ ದಕ್ಷಿಣಕ್ಕೆ ಬಳಸಿ ಹೋಗುತ್ತದೆ. ಬೆಂಗಳೂರಿನ ಐಟಿ ಉದ್ಯಮಕ್ಕೂ ಸಿಲಿಕಾನ್ ಕಣಿವೆಯ ಕನ್ನಡಿಗರಿಗೂ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಬಹುದಿನದ ಬೇಡಿಕೆಯಾಗಿತ್ತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಅಲ್ಲಿಂದ ಉತ್ತರ ಧ್ರುವದ ಮೇಲಿನ ಹಾದಿಯಾಗಿ ಬೆಂಗಳೂರಿಗೆ ತಡೆಯಿಲ್ಲದೆ ತಂದಿಳಿಸಿತು. ಅಮೆರಿಕದ ಯುನೈಟೆಡ್ ಸಂಸ್ಥೆಯೂ ಇದೇ ಮಾರ್ಗವನ್ನು ಘೋಷಿಸಿತ್ತು, ಆದರೆ ಆರಂಭಿಸಲೇ ಇಲ್ಲ. ರಷ್ಯಾದ ಆಕಾಶ ಬಳಸುವುದನ್ನು ನಿಲ್ಲಿಸಿದ ಆ ಸಂಸ್ಥೆ 2022ರ ಮಾರ್ಚಿನಲ್ಲಿ ತನ್ನ ಸ್ಯಾನ್ ಫ್ರಾನ್ಸಿಸ್ಕೊ–ದೆಹಲಿ, ನೆವಾರ್ಕ್–ಮುಂಬೈ ವಿಮಾನಗಳನ್ನೂ ತಡೆಹಿಡಿಯಿತು. ಅಂದು ನಮ್ಮ ಏರ್ ಇಂಡಿಯಾಕ್ಕೆ ಲಾಭವಾಯಿತೆಂದು ಹಿಗ್ಗುವುದು ಸುಲಭ. ಮೂರು ವರ್ಷ ಕಳೆಯುವಷ್ಟರಲ್ಲಿ ಪಾಕಿಸ್ತಾನದ ಆಕಾಶ ಮುಚ್ಚಿ ಅದೇ ಸಂಸ್ಥೆಗೆ ಅದೇ ಬಗೆಯ ಪೆಟ್ಟು ಬಿತ್ತು.

ಶಬ್ದಕ್ಕಿಂತ ವೇಗದ ವಿಮಾನಗಳು ಬಂದರೆ ಈ ಸುತ್ತುಗಳ ಚಿಂತೆಯೇ ಇರುವುದಿಲ್ಲ ಎಂದು ವಾದಿಸುವವರಿದ್ದಾರೆ. ಇದಕ್ಕೆ ಕಾಂಕಾರ್ಡ್ ಉತ್ತರ ಹೇಳುತ್ತದೆ. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ ಆ ವಿಮಾನ ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆಯಲ್ಲಿ ಹೋಗುತ್ತಿತ್ತು. ಅಲ್ಲಿ ಅದರ ಕೆಳಗಿದ್ದದ್ದು ಯಾರಿಗೂ ಸೇರದ ಸಾಗರ. 1977ರ ಡಿಸೆಂಬರಿನಲ್ಲಿ ಅದನ್ನು ಬಹರೇನ್ ಮೂಲಕ ಸಿಂಗಪುರಕ್ಕೆ ಹಾರಿಸಲು ಆರಂಭಿಸಿದಾಗ ಮಲೇಷ್ಯಾ ಆಕ್ಷೇಪಿಸಿತು; ಕೆಲವೇ ಹಾರಾಟಗಳ ನಂತರ ಸಂಚಾರ ನಿಂತಿತು. 1979ರಲ್ಲಿ ಪುನಃ ಆರಂಭವಾದರೂ ಭಾರತದ ಆಕಾಶದಲ್ಲಿ ಶಬ್ದಾತೀತ ವೇಗಕ್ಕೆ ಒಪ್ಪಿಗೆ ಸಿಗಲಿಲ್ಲ. 1980ರಲ್ಲಿ ಮಾರ್ಗವನ್ನೇ ಕೈಬಿಟ್ಟರು. ಆ ವಿಮಾನದ ಸಿಡಿಲಿನಂಥ ಸದ್ದು ನೆಲದ ಮೇಲಿನವರಿಗೆ ಬೇಡವಾಗಿದ್ದರೆ ಅದು ನ್ಯಾಯವೇ. ಆದರೆ ಇಲ್ಲಿ ಕಲಿಯಬೇಕಾದದ್ದು ಇಷ್ಟು: ವೇಗ ಹೆಚ್ಚಿದಷ್ಟೂ ಬೇಕಾಗುವ ಅನುಮತಿಯೂ ಹೆಚ್ಚುತ್ತದೆ. ನಾಳೆ ಇನ್ನೂ ವೇಗದ ವಿಮಾನ ಬಂದರೂ ಅದು ಮೊದಲು ಬಾಗಿಲು ತಟ್ಟಬೇಕಾದದ್ದು ಸರಕಾರಗಳ ಕಚೇರಿಗಳಲ್ಲೇ.

ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ಆಕಾಶ ಮುಚ್ಚುವುದೇ ತಪ್ಪೆಂದರೆ ಯುದ್ಧಭೂಮಿಯ ಮೇಲೆ ಪ್ರಯಾಣಿಕರನ್ನು ಕಳಿಸಬೇಕೇ? 2014ರ ಜುಲೈ 17ರಂದು ಮಲೇಷ್ಯಾದ ಎಂಎಚ್17 ವಿಮಾನ ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿಗೆ ಸಿಕ್ಕು 298 ಜನ ಸತ್ತರು. ಆ ಆಕಾಶವನ್ನು 32,000 ಅಡಿಗಳವರೆಗೆ ಮಾತ್ರ ಮುಚ್ಚಲಾಗಿತ್ತು. ವಿಮಾನ 33,000 ಅಡಿಯಲ್ಲಿತ್ತು. ಅಲ್ಲಿ ಪೂರ್ತಿ ಮುಚ್ಚಬೇಕಿತ್ತು. ಆದ್ದರಿಂದ ಪ್ರಾಣರಕ್ಷಣೆಗಾಗಿ ಮುಚ್ಚುವುದನ್ನೂ ಶಿಕ್ಷೆಗಾಗಿ ಮುಚ್ಚುವುದನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು ಅಪಾಯ ಇರುವಷ್ಟು ಜಾಗಕ್ಕೆ, ಅಪಾಯ ಇರುವಷ್ಟು ಕಾಲ, ಎಲ್ಲ ದೇಶಗಳ ವಿಮಾನಗಳಿಗೂ ಅನ್ವಯಿಸುತ್ತದೆ. ಎರಡನೆಯದು ಬಾವುಟ ನೋಡಿ ತಡೆಯುತ್ತದೆ. ಚೀನಾದ ವಿಮಾನಕ್ಕೆ ಸುರಕ್ಷಿತವಾದ ಸೈಬೀರಿಯಾದ ಆಕಾಶ ಫಿನ್ಲೆಂಡಿನ ವಿಮಾನಕ್ಕೆ ನಿಷಿದ್ಧವಾದರೆ ಅಲ್ಲಿ ಸುರಕ್ಷತೆಯ ಮಾತಿಗೆ ಎಡೆಯಿಲ್ಲ. ಸುತ್ತು ಹಾದಿಗಳು ಹೊಸ ಅಪಾಯಗಳನ್ನು ತರುತ್ತವೆ ಎಂಬುದನ್ನೂ ಮರೆಯಬಾರದು. ಧ್ರುವದ ಮೇಲೆ ಇಂಧನ ಹೆಪ್ಪುಗಟ್ಟದಂತೆ ಕಾಯಬೇಕು, ಇಳಿಯಲು ತಕ್ಕ ನಿಲ್ದಾಣಗಳು ವಿರಳ. ಉದ್ದದ ಹಾದಿಗಳು ಸಿಬ್ಬಂದಿಯನ್ನು ದಣಿಸುತ್ತವೆ, ತೆರೆದಿರುವ ಕಿರಿದಾದ ಆಕಾಶದಲ್ಲಿ ದಟ್ಟಣೆಯನ್ನು ಹೆಚ್ಚಿಸುತ್ತವೆ.

ನೈತಿಕತೆಯ ಪ್ರಶ್ನೆಯೂ ಇದೆ. ಇನ್ನೊಂದು ದೇಶದ ಮೇಲೆ ದಾಳಿ ಮಾಡಿದವರನ್ನು, ಭಯೋತ್ಪಾದನೆಗೆ ನೆರಳು ಕೊಟ್ಟವರನ್ನು ದಂಡಿಸಲು ಇರುವ ಶಾಂತಿಯುತ ಸಾಧನವನ್ನು ಬಿಟ್ಟುಕೊಡಬೇಕೇ ಎಂದು ಕೇಳುವವರ ಸಿಟ್ಟಿನಲ್ಲಿ ಹುರುಳಿದೆ. ಉಕ್ರೇನಿನ ನೋವಿನ ಮುಂದೆ, ಪಹಲ್ಗಾಮಿನಲ್ಲಿ ಸತ್ತವರ ಮನೆಯವರ ದುಃಖದ ಮುಂದೆ ಮೂರು ಗಂಟೆಯ ಸುತ್ತು ದೊಡ್ಡದಲ್ಲ. ಆದರೆ ಸಾಧನವನ್ನು ಅದರ ಪರಿಣಾಮದಿಂದ ಅಳೆಯಬೇಕು. 1971ರ ಮುಚ್ಚುವಿಕೆಯಿಂದ ಪೂರ್ವ ಬಂಗಾಳದ ನರಮೇಧ ತಪ್ಪಲಿಲ್ಲ. 2022ರ ಮುಚ್ಚುವಿಕೆಯಿಂದ ಯುದ್ಧ ನಿಲ್ಲಲಿಲ್ಲ. ರಷ್ಯಾಕ್ಕೆ ಮೇಲ್ಹಾರಾಟದ ಶುಲ್ಕ ತಪ್ಪಿತು, ಪಕ್ಕದ ಫಿನ್ಲೆಂಡಿಗೆ ತನ್ನ ಭೌಗೋಳಿಕ ಭಾಗ್ಯವೇ ಕೈಜಾರಿತು, ಜಗಳದಲ್ಲಿ ಇಲ್ಲದವರಿಗೆ ಮಾರುಕಟ್ಟೆ ಸಿಕ್ಕಿತು. ಎರಡೂ ಕಡೆಯವರು ಕೂಡಲೇ ಸರಿಸಮ ಪ್ರತೀಕಾರ ತೀರಿಸಿಕೊಳ್ಳಬಲ್ಲ ದಂಡನೆ ತಪ್ಪಿತಸ್ಥರಿಗಿಂತ ಹೆಚ್ಚಾಗಿ ಸಾಮಾನ್ಯರನ್ನೇ ದಂಡಿಸುತ್ತದೆ. ಅಪರಾಧಿಯ ಆಸ್ತಿ, ಆಯುಧ, ವ್ಯಾಪಾರಗಳ ಮೇಲೆ ನಿರ್ಬಂಧ ಹೇರುವ ದಾರಿಗಳು ಇದ್ದೇ ಇವೆ.

ವಿಮಾನ ಹತ್ತುವವರು ಉಳ್ಳವರು, ಅವರು ಒಂದಿಷ್ಟು ಹೊತ್ತು ಹೆಚ್ಚು ಕೂತರೆ ಏನಾಯಿತು ಎಂಬ ಮಾತೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ನಷ್ಟ ಅವರಲ್ಲಿಗೇ ನಿಲ್ಲುವುದಿಲ್ಲ. ಎ350 ಗಾತ್ರದ ವಿಮಾನ ಗಂಟೆಗೆ ಸುಮಾರು 6 ಟನ್ ಇಂಧನ ಉರಿಸುತ್ತದೆ. ಪ್ರತಿ ಕಿಲೋ ಇಂಧನದಿಂದ ಮೂರು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೂರೂವರೆ ಗಂಟೆಯ ಸುತ್ತೆಂದರೆ ಒಂದು ಬದಿಗೇ 21 ಟನ್ ಇಂಧನ, 65 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಇಂಥ ಹಾರಾಟಗಳು ದಿನವೂ ಹಲವಾರು, ವರ್ಷಗಟ್ಟಲೆ ನಿಲ್ಲದೆ ನಡೆಯುತ್ತಿವೆ. ಹೆಚ್ಚು ಇಂಧನ ಹೊರಬೇಕಾದ ವಿಮಾನ ಕಡಿಮೆ ಜನ ಮತ್ತು ಸರಕು ಹೊರುತ್ತದೆ. ಉಳಿದವರ ಟಿಕೆಟ್ ಏರುತ್ತದೆ. ಆ ಏರಿಕೆ ಕಂಪನಿಯ ಖರ್ಚಿನಲ್ಲಿ ಹೋಗುವ ಅಧಿಕಾರಿಗೆ ತಟ್ಟುವುದಿಲ್ಲ. ಸಾಲ ಮಾಡಿ ಓದಲು ಹೋದ ವಿದ್ಯಾರ್ಥಿಗೆ, ತಾಯಿಯ ಕಾಯಿಲೆಯ ಸುದ್ದಿ ಕೇಳಿ ಊರಿಗೆ ಹೊರಟ ನೌಕರನಿಗೆ ತಟ್ಟುತ್ತದೆ. ಹವಾಮಾನದ ಹೊರೆಯನ್ನಂತೂ ವಿಮಾನವನ್ನೇ ಹತ್ತದ ರೈತನೂ ಹೊರುತ್ತಾನೆ.

ಹಾಗಾದರೆ ಮಾಡಬಹುದಾದದ್ದೇನು? ಸಾರ್ವಭೌಮತ್ವವನ್ನು ಯಾವ ದೇಶವೂ ಬಿಟ್ಟುಕೊಡುವುದಿಲ್ಲ ಎಂಬ ನಿರಾಶೆಗೆ ಇತಿಹಾಸದಲ್ಲೇ ಉತ್ತರವಿದೆ. 1983ರ ಸೆಪ್ಟೆಂಬರ್ 1ರಂದು ಆ್ಯಂಕರೇಜಿನಿಂದ ಸೋಲ್‌ಗೆ ಹೊರಟು ದಾರಿ ತಪ್ಪಿದ ಕೊರಿಯನ್ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು; 269 ಜನ ಸತ್ತರು. ಮರುವರ್ಷವೇ, ಶೀತಲ ಸಮರದ ಕಾವಿನ ನಡುವೆಯೇ, ಷಿಕಾಗೊ ಒಡಂಬಡಿಕೆಗೆ ತಿದ್ದುಪಡಿ ಅಂಗೀಕಾರವಾಯಿತು: ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಯಾವ ದೇಶವೂ ಆಯುಧ ಬಳಸಬಾರದು. ಸಾರ್ವಭೌಮ ಅಧಿಕಾರಕ್ಕೂ ಗಡಿಯುಂಟೆಂದು ದೇಶಗಳು ಅಂದು ತಾವೇ ಒಪ್ಪಿದವು. ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ನಾಗರಿಕ ವಿಮಾನಗಳ ಮೇಲ್ಹಾರಾಟವನ್ನು ರಾಜಕೀಯ ದಂಡನೆಯ ಪಟ್ಟಿಯಿಂದ ಹೊರಗಿಡಬೇಕು. ಆಕಾಶ ಮುಚ್ಚುವ ದೇಶ ಅಪಾಯವೇನೆಂದು ಹೇಳಿ, ಎಲ್ಲರಿಗೂ ಸಮನಾಗಿ, ಅವಧಿ ನಿಗದಿ ಮಾಡಿ ಮುಚ್ಚಬೇಕು. ಅವಧಿ ವಿಸ್ತರಿಸುವಾಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆ ಕಾರಣ ಕೊಡಬೇಕು. ಇದರಿಂದ ಯಾವ ದೇಶದ ಸೈನ್ಯವೂ ದುರ್ಬಲವಾಗುವುದಿಲ್ಲ. ಬೇಹುಗಾರಿಕೆಯ ಶಂಕೆ ಬಂದ ವಿಮಾನವನ್ನು ಇಳಿಸಿ ತಪಾಸಣೆ ಮಾಡುವ ಹಕ್ಕೂ ಉಳಿಯುತ್ತದೆ.

ಈ ಮಾತನ್ನು ಎತ್ತಲು ಭಾರತಕ್ಕಿಂತ ತಕ್ಕ ದೇಶ ಸಿಗುವುದು ಕಷ್ಟ. ಅದು ಆಕಾಶವನ್ನು ಮುಚ್ಚಿಯೂ ನೋಡಿದೆ, ಬೇರೆಯವರು ಮುಚ್ಚಿದಾಗ ಬೆಲೆಯನ್ನೂ ತೆತ್ತಿದೆ. ಅದರ ಲಕ್ಷಾಂತರ ಮಕ್ಕಳು ಸಾವಿರಾರು ಕಿಲೋಮೀಟರ್ ಆಚೆ ದುಡಿಯುತ್ತಾರೆ, ಓದುತ್ತಾರೆ. ವಿಮಾನ ನಿಲ್ದಾಣಗಳಿಗೆ, ಹೊಸ ವಿಮಾನಗಳಿಗೆ ನಾವು ಸುರಿಯುತ್ತಿರುವ ಹಣ ಸಾರ್ಥಕವಾಗಬೇಕಾದರೆ ಆ ವಿಮಾನಗಳಿಗೆ ನೇರ ದಾರಿ ಬೇಕು. ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ಆಗುವುದಿಲ್ಲ. ಮಾತುಕತೆಯ ಮೇಜಿನ ಮೇಲೆ, ಎದುರಾಳಿಯೊಂದಿಗೂ ಕೂತು ಗಳಿಸಬೇಕು. ವಿದೇಶಾಂಗ ನೀತಿಯ ಯಶಸ್ಸನ್ನು ಅಳೆಯುವಾಗ ಎಷ್ಟು ಆಕಾಶ ತೆರೆಯಿತು, ಎಷ್ಟು ಮುಚ್ಚಿತು ಎಂದು ನಾಗರಿಕರು ತಮ್ಮ ಸರಕಾರಗಳನ್ನು ಕೇಳಬೇಕು. ಹಾಗೆ ಕೇಳುವವರಿದ್ದಾಗಲೇ ಮೂರು ಗಂಟೆಯ ಸುತ್ತು ಹಣೆಬರಹವೆಂದು ಸಹಿಸುವುದು ನಿಂತು, ಯಾರೋ ಒಬ್ಬರು ಸಮಜಾಯಿಷಿ ಕೊಡಬೇಕಾದ ತೀರ್ಮಾನವಾಗುತ್ತದೆ.